ಕಾಯಿ ಕಟ್ಟದ ನೀಲಿ ಹೂವು

ಭಾನುವಾರ, ಸಂಜೆ

ಅಕ್ಕಾ,

ನೀನು ಫೋನ್ ಮಾಡಿದಾಗಲೆಲ್ಲ "ಎಲ್ಲಾ ಚೆನ್ನಾಗಿದೆ" ಎಂದು ಬಾಯಿ ಮುಚ್ಚಿಸಿದ್ದೇನೆ. ಫೋನಿನಲ್ಲಿ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಹರೆಯದಲ್ಲಿ ಆ ನೀಲಿ ಹೂವನ್ನು ಮೊದಲು ಗುರುತಿಸಿದ ಗುಡ್ಡ ಈಗ ರಸ್ತೆಯಾಗಿದೆ. ಬೇರೆಲ್ಲೂ ಆ ಗಿಡ ಇಲ್ಲ. ಬುಲ್ಡೋಜರ್ ಬರುವ ಮುಂಚೆ ನಾನು ಮೇಲ್ಮಣ್ಣನ್ನು ಚೀಲಗಳಲ್ಲಿ ತುಂಬಿ ನಮ್ಮ ಪ್ರಯೋಗಾಲಯಕ್ಕೆ ತಂದಿದ್ದೆ. ಗಿಡ ಸತ್ತರೂ ಬೀಜ ಮಣ್ಣಿನಲ್ಲಿ ಎಷ್ಟೋ ವರ್ಷ ಮಲಗಿರುತ್ತದಲ್ಲ, ಹಳೆಯ ಬೇರೆ ಬೇರೆ ತಾಯಿಗಿಡಗಳ ಬೀಜ ಒಂದಿಷ್ಟಾದರೂ ಉಳಿದಿರಬಹುದು ಎಂಬ ಆಸೆ. ಮಣ್ಣನ್ನು ಟ್ರೇಗಳಲ್ಲಿ ಹರಡಿ ನೀರು ಚಿಮುಕಿಸಿದೆ. ಹುಲ್ಲು ಬಂತು. ಅದರ ಹಿಂದೆಯೇ ನಮ್ಮದೂ ತಲೆಯೆತ್ತಿತು! ನಾನು ಕುಣಿದಾಡಿದ್ದು ನೋಡಿ ನಮ್ಮ ಮೇಡಂ, "ನಿಂಗೇನು ಹುಚ್ಚು ಹಿಡೀತಾ?" ಎಂದು ನಕ್ಕರು.

ಹೂವೂ ಬಿಟ್ಟವು. ಸಣ್ಣ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಾ ಬಂದೆ. ಒಂದೂ ಕಾಯಿ ಕಟ್ಟಲಿಲ್ಲ. ಕೊನೆಗೆ ಎಲೆಗಳನ್ನು ಪರೀಕ್ಷೆಗೆ ಕಳಿಸಿದೆವು. ಮೊನ್ನೆ ಗೊತ್ತಾಯಿತು: ಎಲ್ಲವೂ ತೀರಾ ಹತ್ತಿರದ ಒಡಹುಟ್ಟುಗಳು. ರಕ್ತಸಂಬಂಧದಲ್ಲಿ ಮದುವೆಯನ್ನೇ ಒಪ್ಪದ ಜಾತಿ ಇದು; ಒಡಹುಟ್ಟಿನ ಪರಾಗ ಬಿದ್ದರೆ ಕಾಯಿ ಕಟ್ಟುವುದೇ ಇಲ್ಲ.

"ಗಂಡು ಹುಡುಕೋಣ ಅಂದ್ರೆ ಊರೇ ಇಲ್ವಲ್ಲೇ," ಎಂದರು ಮೇಡಂ. ಈ ಸಲ ಅವರು ನಗಲಿಲ್ಲ. ಗಿಡಗಳು ಇನ್ನೂ ಹೂ ಬಿಡುತ್ತಲೇ ಇವೆ. ಅದನ್ನು ನೋಡಲಾಗುವುದಿಲ್ಲ ಅಕ್ಕಾ.

ಅಪ್ಪ ಆಸ್ಪತ್ರೆಯ ಮಂಚದಿಂದ ದಿನಾ ಕೇಳುವುದು ಒಂದೇ ಮಾತು, "ಕಾಯಿ ಕಟ್ತೇನೇ?" ನಿನ್ನೆ ನನ್ನಿಂದ ತಡೆಯಲಾಗಲಿಲ್ಲ. "ಕಟ್ಟಿದೆ ಅಪ್ಪಾ, ಬೇಕಾದಷ್ಟು," ಎಂದುಬಿಟ್ಟೆ. ಅವರ ಮುಖ ಅರಳಿತು. "ಹಾಗಾದ್ರೆ ಇನ್ನು ನಾನು ಹೋದ್ರೂ ಪರ್ವಾಗಿಲ್ಲ," ಎಂದರು. ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಡಾಕ್ಟರು ಕೈಚೆಲ್ಲಿದ್ದಾರೆ. ನೀನು ಬೇಗ ಹೊರಟು ಬಾ. ಅಪ್ಪನ ಮುಂದೆ ಈ ವಿಷಯ ಎತ್ತಬೇಡ.

ನಿನ್ನ ತಂಗಿ,
ಮೊಂಡಿ

ತಾ.ಕ.: ಕಾಗದ ಮಡಿಸಿಟ್ಟು ಆಸ್ಪತ್ರೆಗೆ ಹೋಗಿ ಬಂದೆ. ಅಪ್ಪ ಅಂಗೈ ಚಾಚಿ, "ಒಂದು ಬೀಜ ಕೊಡು, ನೋಡ್ತೀನಿ," ಎಂದರು. ಹೀಗೇ ಕೇಳಬಹುದೆಂದು ಯಾವುದೋ ಕಳೆಗಿಡದ ಬೀಜವನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಅದನ್ನೇ ಕೊಟ್ಟೆ. ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದರು. ಆಮೇಲೆ ಅದನ್ನು ನನ್ನ ಕೈಗೇ ಹಾಕಿ, ಬೆರಳು ಮಡಿಸಿ ಹೇಳಿದರು: "ಜೋಪಾನವಾಗಿ ಇಟ್ಕೋ. ಅಕ್ಕ ಬಂದ್ರೆ ಅವಳಿಗೂ ಇದನ್ನೇ ತೋರ್ಸು. ಇಲ್ದಿದ್ರೆ ಪಾಪ, ಅಳ್ತಾಳೆ."