ಅಂಗಾಲಿನ ಸಾಕ್ಷಿ

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ನಿಂತಿದ್ದರೆ ಕೂತು ಓದು. ನಿನ್ನ ತಂಗಿ ಗೆದ್ದಳು! ನಿನ್ನೆ ತೀರ್ಪು ಬಂತು. ಮಗಳು ನನ್ನ ಬಳಿಯೇ ಇರುತ್ತಾಳೆ. ಶನಿವಾರ, ಭಾನುವಾರ ಅವಳನ್ನು ಕರೆದೊಯ್ಯುವ ಹಕ್ಕೂ ನನ್ನ ಗಂಡನೆನಿಸಿಕೊಂಡ ಆ ಮಹಾನುಭಾವರಿಗೆ ಇನ್ನಿಲ್ಲ. ತಿಂಗಳಿಗೊಮ್ಮೆ ಒಂದು ಗಂಟೆ, ಅದೂ ಕೋರ್ಟಿನ ಕೋಣೆಯಲ್ಲಿ, ಅಧಿಕಾರಿಯೊಬ್ಬರ ಎದುರಿಗೆ. ಹೊರಗೆ ಹೋಗುವಾಗ ಅವರ ಮುಖ ಇಂಗು ತಿಂದ ಮಂಗನ ಹಾಗಿತ್ತು. ನಾನು ಕಣ್ತುಂಬ ನೋಡಿದೆ.

ನೀನು ಫೋನಿನಲ್ಲಿ ಪ್ರತಿ ಸಲ "ಹೋಗ್ಲಿ ಬಿಡೇ" ಅನ್ನುತ್ತೀಯ. ಹೇಗೆ ಬಿಡಲಿ? ಮಗಳ ಎಡ ಅಂಗಾಲಿನಲ್ಲಿ ಆಗಿದ್ದು ಕಡಲೆಕಾಳಿನಷ್ಟು ನರುಲಿ. ನಡುವೆ ನಾಲ್ಕು ಕಪ್ಪು ಚುಕ್ಕೆ. ಈಜುಕೊಳದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳಿಗೆ ಅಂಟಿಕೊಳ್ಳುವಂಥದ್ದು. ಅವಳ ತರಗತಿಯಲ್ಲೇ ಇನ್ನೂ ಮೂವರಿಗಿತ್ತು. ಅಷ್ಟಕ್ಕೇ ಈ ಮಹಾನುಭಾವರು ತುಂಬಿದ ಕೋರ್ಟಿನಲ್ಲಿ ನಿಂತು, ತಾಯಿಯ ಮನೆ ಕೊಳಕು, ಮಗುವಿನ ಕಾಲು ನೋಡಿ, ಅವಳನ್ನು ನನಗೆ ಕೊಡಿ ಅಂದರು. ದಿನಾ ನೆಲ ಒರೆಸಿ ಮೊಣಕಾಲು ಸವೆಸಿಕೊಂಡವಳಿಗೆ ಈ ಮಾತು! ಈ ಕಾಲಿನಿಂದಲೇ ಇವರಿಗೆ ಒದೆ ಕೊಡಿಸುತ್ತೇನೆ ಎಂದು ಅವತ್ತೇ ಹಲ್ಲು ಕಚ್ಚಿಕೊಂಡೆ.

ಮಕ್ಕಳಲ್ಲಿ ಇದು ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನಡೆದರೆ ನೋಯುತ್ತಿದ್ದುದರಿಂದ, ನರುಲಿ ಕರಗಿಸುವ ಔಷಧಿ ಹಚ್ಚಿದ ಅಂಟುಪಟ್ಟಿ ಬರೆದುಕೊಟ್ಟರು. ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಸತ್ತ ಚರ್ಮ ಮೆಲ್ಲಗೆ ಉಜ್ಜಿ, ಪಟ್ಟಿಯನ್ನು ನರುಲಿಯಷ್ಟೇ ಕತ್ತರಿಸಿ ಅಂಟಿಸಬೇಕು. ಮೂರು ತಿಂಗಳ ಕೆಲಸ. ಇದನ್ನು ಕೇಳಿ ಮಗಳ ಅಪ್ಪ ವಕೀಲರ ಮುಂದೆಯೇ ನಕ್ಕರು. "ಒಂದು ಬ್ಲೇಡಲ್ಲಿ ಮುಗಿಯೋದಕ್ಕೆ ಮೂರು ತಿಂಗಳಾ? ನಮ್ಮಪ್ಪ ನನಗೆ ಹಾಗೇ ಕೆತ್ತಿದ್ರು" ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ವಕೀಲರು ಅದನ್ನು ಬರೆದಿಟ್ಟುಕೊಂಡರು. ನಾನೂ ಆ ಬ್ಲೇಡಿನ ಮಾತನ್ನು ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡಿಕೊಂಡೆ.

ಆಮೇಲಿನ ಭಾನುವಾರ ಸಂಜೆ ಮಗಳು ಅವರ ಮನೆಯಿಂದ ಕುಂಟುತ್ತಾ ಬಂದಳು. ಪಟ್ಟಿ ಬಿಚ್ಚಿದರೆ ನರುಲಿಯ ಸುತ್ತ ನಾಣ್ಯದಗಲ ಹಸಿ ಗಾಯ, ಅಂಚಿನಲ್ಲಿ ಕೀವು. ಡಾಕ್ಟರಮ್ಮ ಏನಾಯಿತೆಂದು ಕೇಳಿದಾಗ ಎಂಟು ವರ್ಷದ ಮಗು, ಅಪ್ಪ ಬ್ಲೇಡಿನಿಂದ ಕೆತ್ತಿದರು ಅಂದಳು. ಅವರು ಅದನ್ನೇ ಚೀಟಿಯಲ್ಲಿ ಬರೆದರು. ಕೋರ್ಟಿನಲ್ಲಿ ಈ ಮನುಷ್ಯ ದೇವರಾಣೆ, ತಾಯಾಣೆ ಎಲ್ಲ ಹಾಕಿ, ತಾನು ಮುಟ್ಟಿಯೇ ಇಲ್ಲ ಅಂದರು. ಯಾರು ನಂಬುತ್ತಾರೆ? ನನ್ನ ಹೊಟ್ಟೆ ತಣ್ಣಗಾಯಿತು ಅಕ್ಕಾ. ಗಾಯವೂ ಮಾಯುತ್ತಿದೆ.

ನಿನ್ನ,
ಜಗಳಗಂಟಿ ತಂಗಿ

ಮರೆತ ಮಾತು: ನಿನ್ನ ಹತ್ತಿರ ಮುಚ್ಚಿಟ್ಟರೆ ನನಗೆ ಊಟ ಸೇರುವುದಿಲ್ಲ. ಅವರು ಬ್ಲೇಡು ಮುಟ್ಟಿರಲಿಲ್ಲ. ಶುಕ್ರವಾರ ರಾತ್ರಿ ಪಟ್ಟಿ ಅಂಟಿಸಿ ಮರುದಿನ ಕಳಿಸಿದವಳು ನಾನು. ಹದಿನೈದು ವರ್ಷ ಪರದೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದ ಕೈ, ಹೊಲಿಗೆಗೆ ಬಿಡುವ ಹಾಗೆ ಸುತ್ತಲೂ ಅಂಚು ಬಿಟ್ಟೇ ಕತ್ತರಿಸಿತ್ತು. ಆ ಔಷಧಿ ಎರಡು ದಿನ ಒಳ್ಳೆಯ ಚರ್ಮವನ್ನು ತಿಂದಿತು. ಮಗಳಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ, ನಿನ್ನಾಣೆ. ಡಾಕ್ಟರಮ್ಮನ ಕೋಣೆಯಿಂದ ಹೊರಗೆ ಬಂದು ಯಾಕೆ ಹಾಗಂದೆ ಎಂದು ಕೇಳಿದರೆ, "ನೀನು ಗೆದ್ರೆ ಅಳೋದು ನಿಲ್ಲಿಸ್ತೀಯಲ್ಲಮ್ಮಾ" ಅಂದಳು. ನಾನು ನಿಲ್ಲಿಸಿದ್ದೇನೆ. ನಿನ್ನೆಯಿಂದ ಅವಳು ಶುರು ಮಾಡಿದ್ದಾಳೆ, ಅಪ್ಪ ಬೇಕು ಅಂತ. ಆದರೂ ನಾನು ಹೋಗಿ ನಿಜ ಹೇಳುವವಳಲ್ಲ.