ನಡುವೆ ಬಾಗಿಲಿರುವ ಕೋಣೆಗಳು

ಮನೆಯಿಂದ,
ಮಾರ್ಚ್ ೧೨, ಬುಧವಾರ ಬೆಳಿಗ್ಗೆ

ಪ್ರೀತಿಯ ಮೊಂಡು ತಮ್ಮನಿಗೆ,

ಹೇಗಿದ್ದೀಯ? ಎಣ್ಣೆ ಸಿಡಿದು ಸುಟ್ಟ ಕೈ ವಾಸಿಯಾಯಿತೇ? ಹಡಗಿನ ಅಡುಗೆಮನೆಯಲ್ಲಿ ನಲವತ್ತು ಜನಕ್ಕೆ ಬೇಯಿಸಿ ಹಾಕುವವನು ತಾನು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ನನಗೆ ಗೊತ್ತಿಲ್ಲವೇ. ಇಲ್ಲಿ ನಾನು ಚೆನ್ನಾಗಿದ್ದೇನೆ, ಸೊಂಟ ಒಂದನ್ನು ಬಿಟ್ಟು. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಫೋನಿನಲ್ಲಿ ನೀನು ‘ಹೂಂ’, ‘ಸರಿ’ ಬಿಟ್ಟು ಮೂರನೆಯ ಮಾತಾಡುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ಕಂಪನಿಯ ಟಪಾಲಿನಲ್ಲಿ ಮುಂದಿನ ಬಂದರಿನ ಹೊತ್ತಿಗೆ ನಿನ್ನ ಕೈಸೇರುತ್ತದಂತೆ.

ವಿಷಯಕ್ಕೆ ಬರುತ್ತೇನೆ. ‘ಮೇ ತಿಂಗಳಲ್ಲಿ ನಂಗೆ ಒಂದು ವಾರ ರಜೆ, ಮೂವರೂ ಯಾವುದಾದ್ರೂ ದ್ವೀಪಕ್ಕೆ ಹೋಗೋಣ, ಕಡಲ ದಡದಲ್ಲೇ ಇರೋ ಭರ್ಜರಿ ಹೋಟೆಲು ಹುಡುಕು, ವಿಮಾನಾನೂ ನೋಡು, ಅಮ್ಮನ್ನ ಒಪ್ಪಿಸೋದೂ ನಿಂದೇ’ ಎಂದು ಅವತ್ತೊಂದು ದಿನ ಮಾತ್ರ ಬಾಯಿಬಿಟ್ಟು ಹೇಳಿ ನೀನು ಕೈತೊಳೆದುಕೊಂಡೆ. ಮೂರು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ತಾಯಿ ಮಗನನ್ನು ಒಂದೇ ದ್ವೀಪಕ್ಕೆ ಸಾಗಿಸುವ ಕೆಲಸ ನನ್ನ ತಲೆಗೆ! ಅಪ್ಪ ತೀರಿಕೊಂಡ ಒಂಬತ್ತು ದಿನದ ಮೇಲೆ ನೀನು ಬಂದು ಬಾಗಿಲಲ್ಲಿ ನಿಂತಾಗ ಅಮ್ಮ ‘ಈಗ ಯಾಕೆ ಬಂದೆ?’ ಅಂದಳು. ನೀನು ಚೀಲ ಕೂಡ ಕೆಳಗಿಡದೆ ತಿರುಗಿ ಹೋದೆ. ನಡುಸಮುದ್ರದಿಂದ ಅದಕ್ಕಿಂತ ಬೇಗ ಬರಲಾಗುತ್ತಿರಲಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗಿದೆ ಹೇಳು.

ಹೋಟೆಲು ಆರಿಸುವುದು ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಹದಿನೆಂಟು ವರ್ಷದಿಂದ ಹೋಟೆಲಿನ ಬಟ್ಟೆಕೋಣೆಯಲ್ಲಿ ಹಾಸಿಗೆಯ ಹಾಸು, ದಿಂಬಿನ ಚೀಲ, ಟವೆಲು ಮಡಿಸಿ ಮಡಿಸಿಯೇ ಈ ಸೊಂಟ ಹೀಗಾಗಿರುವುದು. ಜಾಹೀರಾತಿನ ಫೋಟೋದಲ್ಲಿ ಬೇರೆಯವರು ಸಮುದ್ರ ನೋಡುತ್ತಾರೆ, ನಾನು ಮಂಚದ ಮೂಲೆ ನೋಡುತ್ತೇನೆ. ಫೋಟೋ ತೆಗೆಯುವ ದಿನವೂ ಹಾಸನ್ನು ಬಿಗಿಯಾಗಿ ಸಿಕ್ಕಿಸದವರು ಉಳಿದ ದಿನ ಇನ್ನೇನು ಉದ್ಧಾರ ಮಾಡಿಯಾರು?

ಹೀಗೆ ಸೋಸಿ ಸೋಸಿ ಮೂರು ಹೋಟೆಲು ಅಮ್ಮನ ಮುಂದಿಟ್ಟೆ. ಮೊದಲನೆಯದರಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಬಿಡಿ ಬಿಡಿ ಮನೆಗಳು. ಹತ್ತಿರವಿದ್ದರೆ ಮತ್ತೆ ಕಿತ್ತಾಡುತ್ತೀರಿ ಎಂದು ನಿನ್ನದನ್ನು ಮರದ ಸೇತುವೆಯ ಆ ತುದಿಗೆ, ನಮ್ಮದನ್ನು ಈ ತುದಿಗೆ ಹಿಡಿದಿದ್ದೆ. ಅಮ್ಮ ಕನ್ನಡಕ ಏರಿಸಿ ನೋಡಿ ‘ಕಾಲ ಕೆಳಗೆ ನೀರು ಕಂಡ್ರೆ ತಲೆ ಸುತ್ತುತ್ತೆ’ ಅಂದಳು. ಎರಡನೆಯದು ಏಳು ಅಂತಸ್ತಿನದು, ನಾವು ಎರಡರಲ್ಲಿ, ನೀನು ಏಳರಲ್ಲಿ. ‘ಲಿಫ್ಟು ನಂಗಾಗಲ್ಲ.’ ಮಂಡಿನೋವಿನವರು ಲಿಫ್ಟು ಬೇಡ ಅನ್ನುವುದನ್ನು ಎಲ್ಲಾದರೂ ಕೇಳಿದ್ದೀಯಾ? ಮೂರನೆಯದರಲ್ಲಿ ನೀನು ಈಜುಕೊಳದ ಆಚೆ. ‘ಮಕ್ಕಳು ಗಲಾಟೆ ಮಾಡ್ತಾವೆ.’ ವಿಮಾನದ್ದೂ ಇದೇ ಕಥೆ. ನಾವು ಶನಿವಾರ ತಲುಪುವುದು, ಅಮ್ಮ ಸುಧಾರಿಸಿಕೊಂಡ ಮೇಲೆ ನೀನು ಭಾನುವಾರ ಇಳಿಯುವುದು ಎಂದು ಲೆಕ್ಕ ಹಾಕಿದ್ದೆ. ‘ಆ ಭಾನುವಾರದ ವಿಮಾನ ಸರಿ ಇಲ್ಲ’ ಅಂದಳು. ತಾನು ಹತ್ತದ ವಿಮಾನದಲ್ಲಿ ಏನು ಹುಳುಕು ಕಂಡಳೋ! ನನಗೆ ರೇಗಿಹೋಯಿತು. ‘ನಿಂಗೆ ಬರೋ ಮನಸ್ಸಿಲ್ದಿದ್ರೆ ನೇರವಾಗಿ ಹೇಳು’ ಎಂದು ಅಮ್ಮನ ಮೇಲೆ ಕೂಗಾಡಿದೆ. ಅವಳು ಎದ್ದು ಒಳಗೆ ಹೋದಳು.

ಕೊನೆಗೆ ಮೊನ್ನೆ ನಾಲ್ಕನೆಯ ಹೋಟೆಲಿಗೆ, ಅಮ್ಮನಿಗೂ ಕೇಳಲೆಂದು ಸ್ಪೀಕರ್ ಹಾಕಿ, ಫೋನು ಮಾಡಿದೆ. ಎರಡೇ ಅಂತಸ್ತು, ಮೆಟ್ಟಿಲಿಳಿದರೆ ಮರಳು. ಅಭ್ಯಾಸಬಲ ನೋಡು, ‘ಒಂದು ಮಂಚಕ್ಕೆ ಎಷ್ಟು ಜೊತೆ ಹಾಸು ಇಟ್ಟಿದ್ದೀರಿ?’ ಎಂದು ಕೇಳಿಬಿಟ್ಟೆ. ಮಂಚದ ಮೇಲೊಂದು, ಒಗೆತದಲ್ಲೊಂದು, ಕಪಾಟಿನಲ್ಲೊಂದು ಇರಲೇಬೇಕಲ್ಲ. ಆದರೆ ರಜೆಗೆ ಬರುವವರು ಯಾರಾದರೂ ಇದನ್ನು ಕೇಳುತ್ತಾರೆಯೇ? ಹೋಟೆಲುಗಳಿಗೆ ದರ್ಜೆ ಕೊಡಲು ಗುಟ್ಟಾಗಿ ಬರುವ ತಪಾಸಣೆಯವಳು ನಾನೆಂದು ಆ ಕಡೆಯ ಹುಡುಗಿ ಹೆದರಿಬಿಟ್ಟಳು. ದನಿಯೇ ಬದಲಾಯಿತು. ‘ಮೇಡಂ, ಸಮುದ್ರಕ್ಕೇ ಮುಖ ಇರೋ ಎರಡು ಕೋಣೆ ಕೊಡ್ತೀನಿ, ನಡುವೆ ಬಾಗಿಲಿದೆ, ಮನೆಯವರೆಲ್ಲ ಒಟ್ಟಿಗೆ ಇದ್ದ ಹಾಗಿರುತ್ತೆ.’ ಅಯ್ಯೋ ತಾಯಿ, ನಾನೂ ನಿನ್ನ ಹಾಗೆ ಹೋಟೆಲಿನ ಕೆಲಸದವಳೇ ಎಂದು ನಿಜ ಹೇಳಿದೆ. ಅವಳು ಜೋರಾಗಿ ನಕ್ಕು, ಆದರೂ ಆ ಕೋಣೆಗಳು ನಿಮಗೇ ಇರಲಿ ಅಂದಳು. ಒಟ್ಟಿಗೆ ಬೇಡ, ದೂರ ದೂರ ಕೊಡು ಎನ್ನಲು ನಾನು ಬಾಯಿ ತೆರೆಯುತ್ತಿದ್ದೆ. ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದ ಅಮ್ಮ ತಲೆಯೆತ್ತದೆ ‘ಅದೇ ಇರಲಿ, ನಡುವೆ ಬಾಗಿಲಿರೋದು’ ಅಂದಳು.

ಆಗ ಹೊಳೆಯಿತು ನನ್ನ ಮಂಕುತಲೆಗೆ. ಮೂರು ಹೋಟೆಲು ತೋರಿಸಿದಾಗಲೂ ಅವಳು ಮೊದಲು ಕೇಳಿದ್ದು ‘ಅವನ ಕೋಣೆ ಎಲ್ಲಿ?’ ಎಂದೇ. ಎಷ್ಟು ದೂರ ಇಟ್ಟಿದ್ದೇನೆ ಎಂದು ನಾನು ಜಂಬದಿಂದ ಹೇಳುತ್ತಿದ್ದೆ. ನೀರು, ಲಿಫ್ಟು, ಮಕ್ಕಳು ಎಲ್ಲಾ ನೆಪ ಕಣೋ. ನಿಮ್ಮಿಬ್ಬರನ್ನು ದೂರ ಇಡುವುದು, ಈ ಮೂರು ವರ್ಷ ನಾನು ಮಾಡಿದ್ದೂ ಇದನ್ನೇ. ನೀನು ಫೋನು ಮಾಡಿ ಕೇಳಿದಾಗ ಅಮ್ಮ ಮಲಗಿದ್ದಾಳೆ ಎಂದೆ, ಅವಳು ಕೇಳಿದಾಗ ಅವನಿಗೆ ಕೆಲಸವಿದೆಯಂತೆ ಎಂದೆ. ಜಗಳ ತಪ್ಪಿಸುತ್ತಿದ್ದೇನೆ ಎಂದುಕೊಂಡಿದ್ದೆ. ತಪ್ಪಾಯಿತು. ಇದನ್ನು ಬರೆಯುವಾಗ ಅಳು ಬರುತ್ತಿದೆ.

ವಿಮಾನವನ್ನೂ ಬದಲಾಯಿಸಿದ್ದೇನೆ. ಮೇ ಹತ್ತರ ಶನಿವಾರ, ನಾವು ವಿಮಾನ ಬದಲಿಸುವ ಊರಿನಲ್ಲೇ ನೀನೂ ಬಂದಿಳಿಯುತ್ತೀಯ. ಅಲ್ಲಿಂದ ದ್ವೀಪಕ್ಕೆ ಮೂವರೂ ಒಂದೇ ಸಾಲಿನಲ್ಲಿ. ಕಿಟಕಿ ಅಮ್ಮನಿಗೆ, ನಡುವಿನದು ನಿನಗೆ, ಕಾಲು ಚಾಚಲು ಈಚೆಯದು ನನಗೆ. ಈ ತಿಂಗಳ ಮೂವತ್ತರವರೆಗೆ ಕೋಣೆಗಳನ್ನೂ ಟಿಕೆಟನ್ನೂ ನಮಗಾಗಿ ತಡೆಹಿಡಿದಿರುತ್ತಾರೆ. ಅಷ್ಟರೊಳಗೆ ನಿನ್ನ ಒಪ್ಪಿಗೆ ತಿಳಿಸು. ಈ ಸಲ ಬರೀ ‘ಹೂಂ’ ಅಂದರೂ ಸಾಕು.

ಕೈ ಜೋಪಾನ. ಒದ್ದೆ ಕೈಯಲ್ಲಿ ಬಾಣಲೆಯ ಹತ್ತಿರ ಹೋಗಬೇಡ. ನಿನ್ನ ಕೈಯಡುಗೆ ಉಣ್ಣುವ ಆ ನಲವತ್ತು ಜನರಿಗೂ ನನ್ನ ನಮಸ್ಕಾರ ಹೇಳು.

ನಿನ್ನ
ಅಕ್ಕ

ತಾ.ಕ.: ನಾನು ಲಕೋಟೆ ತರಲು ಹೋಗಿದ್ದಾಗ ಅಮ್ಮ ಇದನ್ನೆಲ್ಲಾ ಓದಿಬಿಟ್ಟಿದ್ದಾಳೆ. ಬೈಯುತ್ತಾಳೆ ಎಂದುಕೊಂಡರೆ, ‘ಆ ನಡುವಿನ ಬಾಗಿಲಿಗೆ ಚಿಲಕ ಯಾವ ಕಡೆ?’ ಎಂದು ಕೇಳಿದಳು. ಎರಡೂ ಕಡೆ ಇರುತ್ತೆ, ಇಬ್ಬರೂ ತೆಗೆದರೆ ಮಾತ್ರ ತೆರೆಯುತ್ತೆ ಎಂದೆ. ಅದಕ್ಕವಳು, ‘ನನ್ನ ಕಡೇದು ಹೋದ ತಕ್ಷಣ ತೆಗೆದಿಟ್ಟಿರ್ತೀನಿ ಅಂತ ಬರಿ. ಅವನು ಯಾವಾಗ ತೆಗೀತಾನೋ ತೆಗೀಲಿ. ಯಾಕೆ ಬಂದೆ ಅಂತ ಕೇಳಲ್ಲ’ ಅಂದಳು. ಬರೆದಿದ್ದೇನೆ.