ಏಳದ ಪರದೆ

ಮಾರ್ಚ್ ೧೪, ಶುಕ್ರವಾರ

ಭಲೇ, ಕನ್ನಡಿಯೊಳಗಿನ ಮಹಾಕಲಾವಿದ! ಕಾಲೇಜಿನ ವೆಬ್‌ಸೈಟಿಗೆ ನಾಟಕದ ಹಾಗೆ ಕೆಂಪು ಪರದೆ ಕಟ್ಟಿದೆಯಲ್ಲ, ಅದು ಮೇಲೆದ್ದ ಮೇಲೇ ಅರ್ಜಿ ಕಾಣಬೇಕೆಂದು ಹಟ ಹಿಡಿದೆಯಲ್ಲ, ಈಗ ನೀನೇ ಚಪ್ಪಾಳೆ ತಟ್ಟಿಕೋ.

ತೀರಾ ನಿಧಾನವೆಂದು ಊರೆಲ್ಲ ಬೈಯುವ ಒಂದು ಇಂಟರ್ನೆಟ್ ಕಂಪನಿಯ ಗಿರಾಕಿಗಳಿಗೆ ನಮ್ಮ ಆಫೀಸಿನಲ್ಲಿ 'ಆಮೆ ಬಳಗ' ಎಂದು ಹೆಸರು. ಹೆಸರಿಟ್ಟವನು ನಾನೇ. "ಅವರ ಲೈನಲ್ಲೂ ಒಂದ್ಸಲ ತೆರೆದು ನೋಡೋಣ್ವಾ ಸರ್?" ಎಂದು ವೆಬ್‌ಸೈಟು ಪರೀಕ್ಷೆ ಮಾಡುವ ಹುಡುಗಿ ಕೇಳಿದ್ದಳು. "ಆಮೆಗಳು ಬರೋ ಹೊತ್ತಿಗೆ ನಾಟಕಾನೇ ಮುಗಿದಿರುತ್ತೆ ಬಿಡಮ್ಮ" ಎಂದೆ. ಎಲ್ಲರೂ ನಕ್ಕರು.

ಸಂಜೆ ಅಕ್ಕನ ಫೋನ್. ಅದೇ ಕಾಲೇಜಿನಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಲು ಇವತ್ತು ಐದು ಗಂಟೆಯೇ ಕೊನೆ. ಅವಳ ಬೀದಿಗೆ ಬರುವುದು ಆ ಕಂಪನಿಯ ಲೈನ್ ಒಂದೇ.

"ಮಧ್ಯಾಹ್ನದಿಂದ ಕೂತಿದ್ದೆ ಕಣೋ. ಕೆಂಪಗೆ ಏನೋ ಬರುತ್ತೆ, ಅಲ್ಲೇ ನಿಂತ್ಬಿಡುತ್ತೆ. ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ."

ಆ ಪರದೆ ನನ್ನದೆಂದು ಅವಳಿಗೆ ಗೊತ್ತಿಲ್ಲ. ಅಪ್ಪನ ನಾಟಕ ಮಂಡಳಿಯಲ್ಲಿ ಕಡೇ ಸಾಲಿಗೂ ಕೇಳುವಂತೆ ಬೆಳೆಸಿದ ಗಂಟಲು ನನ್ನದು. ಅದು, "ನಿನ್ನ ಇಂಟರ್ನೆಟ್ಟೇ ದರಿದ್ರದ್ದು ಅಕ್ಕ" ಎಂದು ಪಿಸುಗುಟ್ಟಿತು.

"ಹೂಂ, ಎಲ್ಲರೂ ಹಾಗೇ ಅಂತಾರೆ. ಅದಿರಲಿ, ನಿನ್ನ ಗಂಟಲ್ಯಾಕೆ ಕೂತಿದೆ? ಬಿಸಿನೀರು ಕುಡಿ" ಎಂದಳು.

ಪರದೆಯನ್ನು ಈಗ ಕಿತ್ತುಹಾಕಿದೆ. ಅರ್ಜಿ ಥಟ್ಟನೆ ತೆರೆಯುತ್ತದೆ; ಕೆಳಗೆ 'ಅವಧಿ ಮುಗಿದಿದೆ' ಎಂದಿದೆ. ಬೆಳಿಗ್ಗೆ ಕಾಲೇಜಿನವರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡು ಇನ್ನೊಂದು ದಿನ ಕೇಳುತ್ತೇನೆ. ಅದು ಸುಲಭ. ಆದರೆ ಅಕ್ಕನಿಗೆ, ನೀನು ಒತ್ತಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಆ ಕೆಂಪು ಬಟ್ಟೆ ನನ್ನ…